ಗೋಲ್ ಮುಂದೆ ಒಂದೇ ಜಾಗ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ನೀವು ಕಳಿಸಿದ ‘ಆರು ಖಂಡಗಳ ಗೋಲ್‌ಕೀಪರ್’ ಲೇಖನವನ್ನು ಎರಡು ಸಲ ಓದಿದೆ. ಜರ್ಮನಿಯ ಫುಟ್‌ಬಾಲ್ ಗೋಲ್‌ಕೀಪರ್ ಲುಟ್ಸ್ ಫಾನೆನ್‌ಸ್ಟೀಲ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಒಬ್ಬರಿಗಾದರೂ ಅನಿಸಿತಲ್ಲ, ಅದಕ್ಕೆ ಖುಷಿಯಾಯಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮಾತು ಸ್ವಲ್ಪ ಖಾರ ಅನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ವಸ್ತುವಿನಲ್ಲಿ ಸತ್ವ ಇಲ್ಲದಿದ್ದರೆ ಇಷ್ಟು ಉದ್ದದ ಉತ್ತರ ಬರೆಯುತ್ತಿರಲಿಲ್ಲ.

ಮೊದಲು ದೊಡ್ಡ ತೊಂದರೆ. ನಿಮ್ಮ ಲೇಖನದ ಮುಕ್ಕಾಲು ಭಾಗ ‘ಅಲ್ಲಿಂದ ಅವರು ಇಲ್ಲಿಗೆ ಹೋದರು’ ಅನ್ನುವ ವಾಕ್ಯದಲ್ಲೇ ಕಳೆದುಹೋಗಿದೆ. ಮಲೇಷ್ಯಾ, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಸಿಂಗಪುರ, ನ್ಯೂಜಿಲೆಂಡ್, ಕೆನಡಾ, ನಾರ್ವೆ, ಅಲ್ಬೇನಿಯಾ, ಅರ್ಮೇನಿಯಾ, ಬ್ರೆಜಿಲ್, ನಮೀಬಿಯಾ. ಸುಮಾರು 25 ಕ್ಲಬ್‌ಗಳ ಹೆಸರನ್ನೂ ಬಿಡದೆ ಕೊಟ್ಟಿದ್ದೀರಿ. ಓದುತ್ತಾ ಓದುತ್ತಾ ಬಸ್ಸಿನ ಬೋರ್ಡ್ ನೋಡಿದ ಹಾಗಾಯಿತು. ಊರುಗಳು ಕಂಡವು, ಒಳಗೆ ಕೂತ ಮನುಷ್ಯ ಕಾಣಲಿಲ್ಲ.

ಯಾಕೆ ಹೋದರು? ಈ ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ. ‘ಸಾಹಸದ ಹುಚ್ಚು’ ಅಂತ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ. ಹುಚ್ಚು ಇದ್ದಿರಬಹುದು. ಆದರೆ ಗೋಲ್‌ಕೀಪರ್‌ನ ಕೆಲಸದಲ್ಲೇ ಒಂದು ಕಾರಣ ಇದೆ. ಮುಂದೆ ಆಡುವವನನ್ನು ಕೋಚ್ ಬಲಕ್ಕೆ ಹಾಕಬಹುದು, ಎಡಕ್ಕೆ ಹಾಕಬಹುದು, ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಬಹುದು. ಗೋಲ್ ಮುಂದೆ ಇರುವುದು ಒಂದೇ ಜಾಗ. ಅಲ್ಲಿ ನಿಂತವನಿಗೆ ಗಾಯ ಆಗಬೇಕು, ರೆಡ್ ಕಾರ್ಡ್ ಸಿಗಬೇಕು, ಇಲ್ಲಾ ಅವನ ಆಟ ಪೂರ್ತಿ ಕೆಡಬೇಕು. ಅಲ್ಲಿಯವರೆಗೆ ಎರಡನೆಯವನು ಬೆಂಚ್ ಮೇಲೆ ಕೂತಿರಬೇಕು. ಶಾಲೆಯಲ್ಲಿ ನಾನೂ ಮೂರು ವರ್ಷ ಗೋಲ್ ಕಾದವನು, ಅದರಲ್ಲಿ ಒಂದು ವರ್ಷ ಬೆಂಚ್ ಮೇಲೇ ಕಳೆಯಿತು. ತನ್ನದೇ ತಂಡದ ಗೆಳೆಯ ಯಾವಾಗ ತಪ್ಪು ಮಾಡುತ್ತಾನೆ ಅಂತ ಕಾಯುವುದು ಎಷ್ಟು ಹಿಂಸೆ ಅಂತ ನನಗೆ ಗೊತ್ತು.

ಈಗ ನಿಮ್ಮದೇ ಲೇಖನದ ನಾಲ್ಕನೇ ಪುಟಕ್ಕೆ ಬನ್ನಿ. ಜರ್ಮನಿಯ ದೊಡ್ಡ ಕ್ಲಬ್ ಬಾಯರ್ನ್ ಮ್ಯೂನಿಕ್‌ನ ಅಮೆಚೂರ್ ತಂಡ ಕರೆದರೂ ಹುಡುಗ ಒಪ್ಪದೆ ಮಲೇಷ್ಯಾದ ಪೆನಾಂಗ್‌ಗೆ ಹೋದ ಅಂತ ಬರೆದಿದ್ದೀರಿ. ಒಂದೇ ವಾಕ್ಯ! ನನ್ನ ಪ್ರಕಾರ ಇಡೀ ಲೇಖನ ಆ ವಾಕ್ಯದೊಳಗೇ ಇದೆ. ಫಾನೆನ್‌ಸ್ಟೀಲ್ ಹುಟ್ಟಿದ್ದು 1973ರಲ್ಲಿ, ಬವೇರಿಯಾದ ತ್ಸ್ವೀಸೆಲ್‌ನಲ್ಲಿ. ಆ ಭಾಗದ ಹುಡುಗನಿಗೆ ಬಾಯರ್ನ್ ಅಂದರೆ ಏನು ಅಂತ ಒಂದು ಪ್ಯಾರಾ ಬರೆಯಿರಿ. ಆಮೇಲೆ ಈ ಎರಡು ವರ್ಷಗಳನ್ನು ನೋಡಿ. 1994ರಲ್ಲಿ ಗೋಲ್‌ಕೀಪರ್ ಆಲಿವರ್ ಕಾನ್ ಬಾಯರ್ನ್‌ಗೆ ಬಂದರು. ಬಿಟ್ಟದ್ದು 2008ರಲ್ಲಿ. ಅಷ್ಟು ವರ್ಷ ಆ ಜಾಗ ಅವರದೇ. ಬೆರ್ನ್ಡ್ ಡ್ರೆಹರ್ ಅನ್ನುವ ಒಳ್ಳೆಯ ಕೀಪರ್ 1996ರಲ್ಲಿ ಬಂದು, ವರ್ಷಗಟ್ಟಲೆ ಕಾನ್ ಹಿಂದೆ ಎರಡನೆಯವರಾಗಿ ಉಳಿದರು. ಅದೇ 2008ರಲ್ಲಿ ಫಾನೆನ್‌ಸ್ಟೀಲ್ ಬ್ರೆಜಿಲ್‌ನ ಹರ್ಮನ್ ಐಖಿಂಗರ್ ಅನ್ನುವ ಸಣ್ಣ ಕ್ಲಬ್‌ಗೆ ಆಡಿ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಆರು ಪ್ರಾದೇಶಿಕ ಒಕ್ಕೂಟಗಳಲ್ಲಿ ತಮಗೆ ಉಳಿದಿದ್ದ ಆರನೆಯದನ್ನೂ ಮುಗಿಸಿದರು.

ಒಬ್ಬರು ಒಂದೇ ಗೋಲ್ ಮುಂದೆ ಹದಿನಾಲ್ಕು ವರ್ಷ ನಿಂತರು. ಒಬ್ಬರು ಅವರ ಹಿಂದೆ ಕೂತರು. ಇನ್ನೊಬ್ಬರು ಆಡಲು ಜಾಗ ಸಿಕ್ಕಲ್ಲಿಗೆಲ್ಲ ಹೋದರು. ಈ ಮೂವರನ್ನು ಒಟ್ಟಿಗೆ ಇಟ್ಟು ನೋಡಿ. ಫಾನೆನ್‌ಸ್ಟೀಲ್ ಬಾಯರ್ನ್‌ಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಖಚಿತವಾಗಿ ಬರೆಯಲು ಹೋಗಬೇಡಿ. ಮೂರು ಬದುಕನ್ನು ಪಕ್ಕಪಕ್ಕ ಇಟ್ಟರೆ ಸಾಕು, ಉಳಿದದ್ದು ಓದುವವರಿಗೆ ಬಿಡಿ.

ನೀವು ಪೂರ್ತಿ ಬಿಟ್ಟಿರುವ ಇನ್ನೊಂದು ವಿಷಯ ಭಾಷೆ. ಗೋಲ್‌ಕೀಪರ್ ಕೆಲಸದಲ್ಲಿ ಅರ್ಧ ಕೂಗುವುದೇ. ಮುಂದಿರುವ ಡಿಫೆಂಡರ್‌ಗಳಿಗೆ ಬೆನ್ನ ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಕೀಪರ್‌ಗೆ ಮೈದಾನ ಪೂರ್ತಿ ಕಾಣುತ್ತದೆ. ‘ನಿನ್ನ ಹಿಂದೆ ಎದುರಾಳಿ ಬಂದ’ ಅನ್ನುವುದಕ್ಕೆ ಇಂಗ್ಲೆಂಡ್‌ನಲ್ಲಿ ‘ಮ್ಯಾನ್ ಆನ್’ ಅಂತ ಕೂಗುತ್ತಾರೆ, ಜರ್ಮನಿಯಲ್ಲಿ ‘ಹಿಂಟರ್‌ಮಾನ್’. ಬ್ರೆಜಿಲ್‌ನಲ್ಲಿ ‘ಲಡ್ರಾಂವ್’ ಅನ್ನುತ್ತಾರೆ. ಅಂದರೆ ಕಳ್ಳ! ಕಾರ್ನರ್ ಬರುತ್ತಿದೆ, ನಾಲ್ಕು ಜನ ಒಟ್ಟಿಗೆ ಹಾರುತ್ತಾರೆ, ಚೆಂಡು ಯಾರದು ಅಂತ ಹೇಳಲು ಒಂದು ಸೆಕೆಂಡೂ ಇರುವುದಿಲ್ಲ. ಆಗ ಬಾಯಿಗೆ ತಪ್ಪು ಭಾಷೆ ಬಂದರೆ? ಗೋಲ್ ಮಾತ್ರ ಎಲ್ಲಾ ದೇಶದಲ್ಲೂ ಅಷ್ಟೇ, 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ಮುಂದೆ ನಿಂತು ಕೂಗಬೇಕಾದ ಮಾತು ಪ್ರತಿ ಸಲವೂ ಬೇರೆ. ದೇಶ ಬದಲಿಸುವ ಕೀಪರ್ ಪಾಡು ಇದು. ಕ್ಲಬ್ಬಿನ ಹೆಸರುಗಳಲ್ಲಿ ಹತ್ತನ್ನು ತೆಗೆದು ಆ ಜಾಗವನ್ನು ಇದಕ್ಕೆ ಕೊಡಿ.

ಬ್ರ್ಯಾಡ್‌ಫರ್ಡ್ ಘಟನೆಗೆ ಬರುತ್ತೇನೆ. 2002ರ ಡಿಸೆಂಬರ್ 26, ಇಂಗ್ಲೆಂಡ್‌ನ ಬ್ರ್ಯಾಡ್‌ಫರ್ಡ್ ಪಾರ್ಕ್ ಅವೆನ್ಯೂ ಕ್ಲಬ್ ಪರವಾಗಿ ಹ್ಯಾರೊಗೇಟ್ ಟೌನ್ ವಿರುದ್ಧ ಆಡುವಾಗ ಎದುರಾಳಿಗೆ ಡಿಕ್ಕಿಯಾಗಿ ಫಾನೆನ್‌ಸ್ಟೀಲ್ ಅವರ ಉಸಿರು ನಿಂತಿತು. ನೀವು ಇದನ್ನು ‘ಸಾವನ್ನೇ ಗೆದ್ದು ಬಂದ ಧೀರ’ ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ಹೊಡೆದುಹಾಕಿ. ನೆಲದ ಮೇಲೆ ಬಿದ್ದವರು ಆ ಹೊತ್ತಿನಲ್ಲಿ ಏನನ್ನೂ ಗೆಲ್ಲುತ್ತಿರಲಿಲ್ಲ. ಗೆದ್ದವರು ತಂಡದ ಫಿಸಿಯೊ ರೇ ಕಿಲ್ಲಿಕ್. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟವರು ಅವರು. ಉಸಿರು ಬಂದು ಮತ್ತೆ ನಿಂತಿತು, ಹೀಗೆ ಮೂರು ಸಲ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ, ಅದು ನನಗೆ ನಿಜಕ್ಕೂ ನೋವಾಯಿತು. ಆ ದೃಶ್ಯವನ್ನು ಅವರ ಕಡೆಯಿಂದ ಬರೆಯಿರಿ. ವಿಶೇಷಣ ಒಂದೂ ಬೇಡ.

ಸಿಂಗಪುರದ ಜೈಲಿನ ಭಾಗದಲ್ಲಿ ಎಚ್ಚರ ಜಾಸ್ತಿ ಬೇಕು. ‘ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರು’ ಅಂತ ನೀವೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಮ್ಯಾಚ್ ಫಿಕ್ಸಿಂಗ್ ಆರೋಪದಲ್ಲಿ ಅಲ್ಲಿನ ಕೋರ್ಟ್ ಫಾನೆನ್‌ಸ್ಟೀಲ್ ಅವರನ್ನು ತಪ್ಪಿತಸ್ಥ ಅಂದಿತು. ಅವರು 101 ದಿನ ಜೈಲಿನಲ್ಲಿದ್ದರು. ನಾನು ತಪ್ಪು ಮಾಡಿಲ್ಲ ಅಂತ ಅವರು ಹೇಳುತ್ತಲೇ ಬಂದಿದ್ದಾರೆ. ಇಷ್ಟನ್ನೂ ಇದೇ ಕ್ರಮದಲ್ಲಿ ಬರೆಯಿರಿ. ಅವರ ಮೇಲೆ ನಿಮಗೆ ಪ್ರೀತಿ ಇದೆ, ಗೊತ್ತು. ಆದರೆ ಪ್ರೀತಿ ಇದ್ದ ಕಡೆಯೇ ಕೈ ಜಾರುವುದು, ಅಲ್ವಾ?

ಪೆಂಗ್ವಿನ್ ಕಥೆಯಿಂದ ಲೇಖನ ಶುರುಮಾಡಿದ್ದೀರಿ. ನ್ಯೂಜಿಲೆಂಡ್‌ನಲ್ಲಿ ಪೆಂಗ್ವಿನ್ ಒಂದನ್ನು ಮನೆಗೆ ತಂದು ಸ್ನಾನದ ತೊಟ್ಟಿಯಲ್ಲಿ ಇಟ್ಟಿದ್ದು, ಆಮೇಲೆ ವಾಪಸ್ ಬಿಟ್ಟಿದ್ದು. ಓದುಗರನ್ನು ಎಳೆಯಲು ಅದು ಸುಲಭದ ದಾರಿ. ಆದರೆ ಪೆಂಗ್ವಿನ್‌ನಿಂದ ಶುರುವಾದರೆ ಮುಂದೆ ಬರುವ ಜೈಲನ್ನೂ ಆಸ್ಪತ್ರೆಯನ್ನೂ ಜನ ತಮಾಷೆಯ ಕಥೆಯ ಹಾಗೇ ಓದುತ್ತಾರೆ. ಮಧ್ಯದಲ್ಲೆಲ್ಲೋ ಎರಡು ಸಾಲು ಇರಲಿ, ‘ಅವರೇ ಹೇಳುವ ಪ್ರಕಾರ’ ಅಂತ ಸೇರಿಸಿ.

ತಲೆಬರಹವನ್ನೂ ಬದಲಿಸಿ. ಅವರು ಆಡಿದ್ದು ಫಿಫಾದ ಆರೂ ಒಕ್ಕೂಟಗಳ ದೇಶಗಳಲ್ಲಿ. ಒಕ್ಕೂಟ ಬೇರೆ, ಖಂಡ ಬೇರೆ.

ನಿಮ್ಮಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ಏಳನೇ ಪುಟದಲ್ಲಿ, ಚೆಂಡು ಆ ಕಡೆ ಇರುವಾಗ ಕೀಪರ್ ಒಬ್ಬನೇ ಗ್ಲೌಸ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾನೆ ಅಂತ ಬರೆದಿದ್ದೀರಿ. ಅದು ನೀವು ಕಣ್ಣಾರೆ ಕಂಡು ಬರೆದದ್ದು, ಓದಿದ ಕೂಡಲೇ ಗೊತ್ತಾಗುತ್ತದೆ. ಆ ಕಣ್ಣು ಲೇಖನದ ಉಳಿದ ಪುಟಗಳಲ್ಲಿ ಎಲ್ಲಿ ಹೋಯಿತು?

ಪೆನಾಂಗ್‌ಗೆ ಹೊರಡುವ ತೀರ್ಮಾನದಿಂದ ಶುರುಮಾಡಿ. ಎಂಟು ಪುಟವನ್ನು ಐದಕ್ಕೆ ಇಳಿಸಿ. ಕ್ಲಬ್‌ಗಳು ಆರೋ ಏಳೋ ಇದ್ದರೆ ಸಾಕು. ಮುಂದಿನ ತಿಂಗಳೊಳಗೆ ಕಳಿಸಿದರೆ ಮತ್ತೆ ಮೊದಲಿಂದ ಓದುತ್ತೇನೆ, ಮಾತು ಕೊಡುತ್ತೇನೆ. ಅವರ ಹೆಸರನ್ನು ಮೂರು ಕಡೆ ಮೂರು ತರ ಬರೆದಿದ್ದೀರಿ, ಅದನ್ನೂ ಸರಿಮಾಡಿ ಕಳಿಸಿ.

ನಿಮ್ಮ,
ಸಂಪಾದಕ