ಇತಿಹಾಸದಲ್ಲಿ ಪಿಎಚ್‌ಡಿ ಮಾಡೋದು ನಿಜಕ್ಕೂ ಸಂಶೋಧನೆಯೇನಾ?

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಿಮ್ಮ ಮಗ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಅವನು ದಿನವಿಡೀ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಮಗಳು ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂದಾಗ ಮಾತ್ರ ಮನೆಗೆ ಬಂದ ನೆಂಟರೆಲ್ಲ "ಆಗಿಹೋದದ್ದರಲ್ಲಿ ಇನ್ನೇನಮ್ಮ ಕಂಡುಹಿಡೀತೀಯ?" ಅಂತಾರೆ. ಇದೂ ಸಂಶೋಧನೆಯೇನಾ, ಇಬ್ಬರು ಮಾಡುವುದೂ ಒಂದೇ ಬಗೆಯ ಕೆಲಸವಾ ಎಂದು ಕೇಳಿದ್ದೀರಿ.

ನಾನು ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ 22 ವರ್ಷದಿಂದ ಇದ್ದೇನೆ. ಹೆಚ್ಚು ಕಾಲ ಥೀಸಿಸ್ ವಿಭಾಗದಲ್ಲೇ. ಎಲ್ಲ ವಿಭಾಗದ ಥೀಸಿಸ್ಸೂ ನನ್ನ ಟೇಬಲ್ ದಾಟಿಯೇ ಕಪಾಟಿಗೆ ಹೋಗುತ್ತವೆ. ಗಣಿತದ್ದು ತೆಳ್ಳಗೆ, ಸಮಾಜಶಾಸ್ತ್ರದ್ದು ದಪ್ಪ. ಸಸ್ಯಶಾಸ್ತ್ರದ್ದರಲ್ಲಿ ಫೋಟೋ ಜಾಸ್ತಿ. ಬರೆದವರ ಜೊತೆ ಮಾತಾಡುತ್ತಾ, ಪುಟ ತಿರುಗಿಸುತ್ತಾ ನನಗೆ ಅರ್ಥವಾದದ್ದನ್ನು ಹೇಳುತ್ತೇನೆ. ಚಿನ್ನಕ್ಕೆ ಸಂಬಂಧಿಸಿದ ಎರಡು ಊರುಗಳ ಕಥೆಯಿಂದ ಶುರುಮಾಡುತ್ತೇನೆ, ಏಕೆಂದರೆ ಒಂದು ನಿಮ್ಮ ಮಗನ ಕಡೆಯದು, ಇನ್ನೊಂದು ಮಗಳ ಕಡೆಯದು.

ಮೊದಲನೆಯದು ಕೋಲಾರದ ಕೆಜಿಎಫ್ ಚಿನ್ನದ ಗಣಿ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ಹಗಲೂ ರಾತ್ರಿ ನಮ್ಮ ಮೇಲೆ ಮಳೆಯ ಹಾಗೆ ಸುರಿಯುತ್ತಲೇ ಇರುತ್ತವೆ. ಜೊತೆಗೆ ನ್ಯೂಟ್ರಿನೊ ಎಂಬ ಇನ್ನೊಂದು ಕಣವೂ ಹುಟ್ಟುತ್ತದೆ. ಅದು ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ, ಯಾವುದಕ್ಕೂ ತಗಲುವುದೇ ಅಪರೂಪ. ಅದನ್ನು ಕಾಣಬೇಕಾದರೆ ಮೊದಲು ಆ ಮಳೆಯನ್ನು ತಡೆಯಬೇಕು. ತಡೆಯಲು ಬಂಡೆ ಬೇಕು, ಅದೂ ಕಿಲೋಮೀಟರ್‌ಗಟ್ಟಲೆ. ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು ನಮ್ಮ ಕೋಲಾರದಲ್ಲೇ ಇತ್ತು. ನಂಜನಗೂಡು ಕಡೆಯ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಅಲ್ಲಿಗಿಳಿದು ಮ್ಯೂಆನ್ ಎಣಿಸಲು ಶುರುಮಾಡಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು ಕಾದರು. ಮೇಲಿನಿಂದ ಬರುವ ಮ್ಯೂಆನ್ ಅಲ್ಲಿಗೂ ಒಂದೊಂದು ಬರುತ್ತದೆ. ಆದರೆ ಅಡ್ಡಡ್ಡ ಬಂದದ್ದು ಅಷ್ಟೊಂದು ಬಂಡೆ ದಾಟಿ ಬರಲು ಸಾಧ್ಯವೇ ಇಲ್ಲ. ಹಾಗೆ ಅಡ್ಡ ಬಂದದ್ದನ್ನು ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿರಬೇಕು. ಅಂಥವು ಸಿಕ್ಕವು. ಬೆರಳೆಣಿಕೆಯಷ್ಟು, ಆದರೆ ಸಿಕ್ಕವು.

ಅದೇ ವರ್ಷ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಬೇರೊಂದು ತಂಡಕ್ಕೂ ಸಿಕ್ಕವು. ಇದೇ ಭೌತಶಾಸ್ತ್ರದ ಬಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಇನ್ನೊಂದು ದೇಶದಲ್ಲಿ ಗುಂಡಿಗಿಳಿದು ಮತ್ತೆ ನೋಡಬಹುದು.

ಎರಡನೆಯದು ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತಾ ಅಲ್ಲಿಗೆ ಹೋದರು. ಕಂಡದ್ದು ಬಂಡೆಯ ಮೇಲಿನ ಅಕ್ಷರ. ಅದಕ್ಕೂ ಮೊದಲಿನ ಕಥೆ ಸ್ವಲ್ಪ ಹೇಳಬೇಕು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ್ದರು. ದೇಶದ ತುಂಬ ಬಂಡೆಗಳ ಮೇಲೆ "ದೇವಾನಂಪಿಯ ಪಿಯದಸಿ" ಎಂಬ ರಾಜ ಮಾತಾಡುತ್ತಿದ್ದ. ದೇವಾನಂಪಿಯ ಅಂದರೆ ದೇವರಿಗೆ ಪ್ರಿಯನಾದವನು. ಅದು ಬಿರುದು. ಹಾಗಾದರೆ ಹೆಸರೇನು? ಶ್ರೀಲಂಕಾದ ಹಳೆಯ ಪಾಲಿ ಗ್ರಂಥ ನೋಡಿ ಇವನೇ ಅಶೋಕ ಎಂದು ಲೆಕ್ಕ ಹಾಕಿದ್ದರು. ಒಳ್ಳೆಯ ಲೆಕ್ಕವೇ. ಆದರೂ ಪುಸ್ತಕ ಒಂದು ಕಡೆ, ಬಂಡೆ ಇನ್ನೊಂದು ಕಡೆ. ಸುಮಾರು 78 ವರ್ಷ ಹಾಗೇ ಇತ್ತು. ಮಸ್ಕಿಯ ಬಂಡೆಯಲ್ಲಿ ಸಾಲು ಶುರುವಾಗುವುದೇ "ದೇವಾನಂಪಿಯಸ ಅಸೋಕಸ" ಎಂದು. ಆ ರಾಜನ ಬಾಯಲ್ಲೇ ಅವನ ಹೆಸರು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಇದನ್ನು ಮತ್ತೆ ಮಾಡಿ ನೋಡಲು ಆಗುತ್ತಾ? ಆಗುವುದಿಲ್ಲ. ಅಶೋಕನನ್ನು ಕರೆದು ಇನ್ನೊಂದು ಶಾಸನ ಬರೆಸು ಎನ್ನಲಾಗುವುದಿಲ್ಲ. ಆದರೆ ಇನ್ನೊಂದು ಕಲ್ಲು ಸಿಗಬಹುದು. ಆಮೇಲೆ ಸಿಕ್ಕಿತು ಕೂಡ. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕ ಎಂಬ ಹೆಸರಿದೆ. ಇತಿಹಾಸದಲ್ಲಿ ಪ್ರಯೋಗ ಮತ್ತೆ ನಡೆಯುವುದು ಹೀಗೆ. ಯಾವಾಗ ನಡೆಯುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ. ಮಸ್ಕಿಯಲ್ಲಿ ಬೇರೆ ಹೆಸರು ಬಂದಿದ್ದರೆ 78 ವರ್ಷದ ನಂಬಿಕೆ ಬೀಳುತ್ತಿತ್ತು ಅಲ್ವಾ? ಬೀಳುವ ಅವಕಾಶ ಇತ್ತು. ಹಾಗಾಗಿಯೇ ಅದು ಸಂಶೋಧನೆ.

ಇನ್ನು ಇತಿಹಾಸದವರು ದಿನವಿಡೀ ಮಾಡುವುದೇನು ಎಂಬುದು. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಮ್ಮಲ್ಲಿ ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ಇದ್ದಳು. ಒಂದು ಭಾನುವಾರ ಅವಳ ಜೊತೆ ನಾನೂ ಹೋಗಿದ್ದೆ. ಕೆರೆ ಏರಿಯ ಕೆಳಗೆ ಅರ್ಧ ಹೂತ ಕಲ್ಲು. ಅದಕ್ಕೆ ಯಾರೋ ಸುಣ್ಣ ಬಳಿದಿದ್ದರು. ಊರ ಹಿರಿಯರನ್ನು ಕೇಳಿ, ಅವರು ಕಾಯಿ ಒಡೆದ ಮೇಲೆ ತೊಳೆಯಲು ಶುರುಮಾಡಿದೆವು. ಬರೀ ನೀರು, ಮೆತ್ತನೆಯ ಬ್ರಷ್ಷು. ಅದಕ್ಕೇ ಎರಡು ಗಂಟೆ ಹಿಡಿಯಿತು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿದಳು. ಮೇಲಿನಿಂದ ಬ್ರಷ್ಷಲ್ಲಿ ತಟ್ಟುತ್ತಾ ಹೋದಳು, ಕಾಗದ ಒಂದೊಂದು ಅಕ್ಷರದ ಗುಣಿಯೊಳಗೆ ಇಳಿಯುವ ತನಕ. ನೀರು ಆರುತ್ತಾ ಬಂದಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೆಲ್ಲಗೆ ಒತ್ತಿದಳು. ಕಾಗದ ಪೂರಾ ಕಪ್ಪಾಯಿತು, ಗುಣಿಯಲ್ಲಿದ್ದ ಅಕ್ಷರ ಮಾತ್ರ ಬಿಳಿ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ.

ಆ ಶಾಸನದ ಪಾಠ ಮೊದಲೇ ಅಚ್ಚಾಗಿತ್ತು. ಆದರೆ ಅದರಲ್ಲಿ ಒಂದು ಕಡೆ ಬರೀ ಚುಕ್ಕಿ, ಅಕ್ಷರ ಸವೆದಿದೆ ಎಂದು. ಆ ಚುಕ್ಕಿ ಇದ್ದ ಜಾಗದಲ್ಲಿ ನಮ್ಮ ಪಡಿಯಚ್ಚಿನಲ್ಲಿ ಎರಡು ಅಕ್ಷರ ಎದ್ದು ಬಂದವು. "ತುಱು". ಹಳಗನ್ನಡದಲ್ಲಿ ತುಱು ಅಂದರೆ ದನ. ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರ ಜೊತೆ ಕಾದಿ ಸತ್ತವನ ಕಲ್ಲು ಅದು. ನನಗೆ ಮೈ ಜುಮ್ಮೆಂದಿತು. ಅವಳು ಮಾತ್ರ ಕುಣಿಯಲಿಲ್ಲ. ಅಲ್ಲೊಂದು ಬಿರುಕಿತ್ತು. ಬಿರುಕನ್ನೇ ಅಕ್ಷರ ಅಂದುಕೊಂಡಿರಬಹುದಲ್ಲ ಎಂದಳು. ಊರಲ್ಲೇ ಉಳಿದು, ಮರುದಿನ ಬೆಳಿಗ್ಗೆ ಓರೆ ಬಿಸಿಲು ಬೀಳುವಾಗ ಮತ್ತೆ ನೋಡಿದಳು. ಅದೇ ಕಲ್ಲಿನಲ್ಲಿ ಬೇರೆ ಕಡೆ ಇದ್ದ "ಱ" ಜೊತೆ ಹೋಲಿಸಿದಳು. ಕೊನೆಗೆ ಥೀಸಿಸ್‌ನಲ್ಲಿ ಮೊದಲ ಅಕ್ಷರ ಮಾತ್ರ ಕಂಸದೊಳಗೆ ಇತ್ತು. ಶಾಸನ ಓದುವವರಲ್ಲಿ ಕಂಸ ಅಂದರೆ "ಇದು ನನಗೆ ಪೂರ್ತಿ ಖಚಿತವಿಲ್ಲ" ಎಂದರ್ಥ.

ಆ ಪುಟ ನೋಡಿದಾಗ ನನಗೆ ಭೌತಶಾಸ್ತ್ರದ ಥೀಸಿಸ್‌ಗಳು ನೆನಪಾದವು. ಅಲ್ಲಿ ಪ್ರತಿ ಅಳತೆಯ ಪಕ್ಕದಲ್ಲೂ ಒಂದು ± ಇರುತ್ತದೆ. ಇಷ್ಟು ಹೆಚ್ಚಿರಬಹುದು, ಇಷ್ಟು ಕಮ್ಮಿ ಇರಬಹುದು ಎಂದು. ನಿಮ್ಮ ಮಗ ದಿನಾ ಹಾಕುವ ± ಮತ್ತು ಆ ಹುಡುಗಿ ಹಾಕಿದ ಕಂಸ, ಎರಡೂ ಹೇಳುವುದು ಒಂದನ್ನೇ. ನನಗೆ ಎಷ್ಟು ಗೊತ್ತು, ಎಲ್ಲಿಂದಾಚೆ ಗೊತ್ತಿಲ್ಲ ಎಂದು. ಲ್ಯಾಬ್ ಇದೆಯೋ ಇಲ್ಲವೋ ಎಂದು ನೋಡುವವರಿಗೆ ನಾನು ಈ ಎರಡು ಪುಟ ತೋರಿಸುತ್ತೇನೆ.

ವಿಜ್ಞಾನ ಅಂದರೆ ಯಂತ್ರ ಎಂಬುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ಹತ್ತಾರು ವರ್ಷ ಕಣಜಗಳನ್ನು ನೋಡುತ್ತಾ ಕೂತಿದ್ದಾರೆ. ಒಂದೊಂದು ಕಣಜಕ್ಕೂ ಬೇರೆ ಬೇರೆ ಬಣ್ಣದ ಚುಕ್ಕಿ ಇಟ್ಟು, ಯಾವುದು ಏನು ಮಾಡಿತು ಎಂದು ಬರೆದುಕೊಳ್ಳುವುದು. ಅವರು ನೋಡಿದ ಜಾತಿಯಲ್ಲಿ ರಾಣಿ ಬಹಳ ಸಾಧು. ಅವಳನ್ನು ತೆಗೆದರೆ, ಸ್ವಲ್ಪ ಹೊತ್ತಿನಲ್ಲೇ ಕೆಲಸದ ಕಣಜಗಳಲ್ಲಿ ಒಂದು ಜೋರಾಗುತ್ತದೆ, ಮುಂದಿನ ರಾಣಿ ಅದೇ. ಯಾವುದು ಎಂದು ನೋಡುವ ಮನುಷ್ಯರಿಗೆ ಮೊದಲೇ ಗೊತ್ತಾಗುವುದಿಲ್ಲ, ಕಣಜಗಳಿಗೆ ಗೊತ್ತಿರುವ ಹಾಗಿದೆ. ಇದಕ್ಕೆ ಬೇಕಾದದ್ದು ಬಣ್ಣ, ನೋಟ್‌ಬುಕ್ಕು, ಕೂರುವ ತಾಳ್ಮೆ.

ಊರಲ್ಲಿ ಕೂತು ಜನರನ್ನು ನೋಡುವುದೂ ಇದಕ್ಕೆ ಹತ್ತಿರದ್ದೇ. ಒಂದೇ ವ್ಯತ್ಯಾಸ, ಜನ ನಮ್ಮನ್ನೂ ತಿರುಗಿ ನೋಡುತ್ತಾರೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಇದ್ದರು. ಬರಹದಲ್ಲಿ ಅದನ್ನು ರಾಮಪುರ ಎಂದು ಕರೆದರು. ಯಾರ ಮಾತಿಗೆ ಯಾರು ಓಟು ಹಾಕುತ್ತಾರೆ ಎಂಬುದನ್ನೂ ನೋಡಿದರು. ಇವತ್ತು ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ "ವೋಟ್ ಬ್ಯಾಂಕ್" ಎಂಬ ಮಾತು 1955ರಲ್ಲಿ ಅವರು ಬರೆದ ಲೇಖನದಿಂದ ಬಂದದ್ದು. ಸಮಾಜಶಾಸ್ತ್ರದಿಂದ ಏನು ಉಪಯೋಗ ಎನ್ನುವವರಿಗೆ ಇದನ್ನೊಂದು ಹೇಳಿ ನೋಡಿ.

ಅವರದ್ದೇ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಜೋಡಿಸಿಟ್ಟಿದ್ದ ಹಳ್ಳಿಯ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆ ಎಂದು ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಧೈರ್ಯ ಹೇಳಿದರು. ಶ್ರೀನಿವಾಸ್ ಬರೆದರು, 1976ರಲ್ಲಿ ಪುಸ್ತಕ ಬಂತು. ಇದು ನೆನಪಿನಿಂದ ಬರೆದದ್ದು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕದ ಹೆಸರಲ್ಲೇ ಹೇಳಿದರು: "ದ ರಿಮೆಂಬರ್ಡ್ ವಿಲೇಜ್", ಅಂದರೆ ನೆನಪಿನ ಹಳ್ಳಿ. ಅದು ಅವರು ಹಾಕಿದ ಕಂಸ ಎಂದು ನನಗೆ ಅನಿಸುತ್ತದೆ.

ಶ್ರೀಕಂಠನ್ ಬಗ್ಗೆ ಒಂದು ಮಾತು ಉಳಿದಿತ್ತು. ಗಣಿಯಲ್ಲಿ ಕಣ ಎಣಿಸಿದ ಅವರೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ವಿಜ್ಞಾನದ ತತ್ವಶಾಸ್ತ್ರದ ಕಡೆ ತಿರುಗಿದರು. ಈ ಗೋಡೆ ನಾವು ಅಂದುಕೊಂಡಷ್ಟು ಎತ್ತರವಿಲ್ಲ.

ಈಗ ಕೆಲಸಕ್ಕೆ ಬರುವ ವಿಷಯ. ಮಗಳು ಯುಜಿಸಿ ನೆಟ್ ಬರೆದು ಜೆಆರ್‌ಎಫ್ ಪಡೆದರೆ ಸಂಶೋಧನೆ ಮಾಡಲು ಪ್ರತಿ ತಿಂಗಳು ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಅದನ್ನು 37,000 ರೂಪಾಯಿ ಮಾಡಿದರು, ವಿಜ್ಞಾನಕ್ಕೂ ಇತಿಹಾಸಕ್ಕೂ ಒಂದೇ ಮೊತ್ತ, ನೆಂಟರಿಗೆ ಬೇಕಾದರೆ ಇದನ್ನೂ ಹೇಳಿ. ವಿಷಯ ಆರಿಸುವ ಮೊದಲು ಶೋಧಗಂಗಾ ವೆಬ್‌ಸೈಟಿನಲ್ಲಿ ಇತಿಹಾಸದ ಮೂರು ಥೀಸಿಸ್ ತೆಗೆದು ಓದಲಿ, ಅದು ಉಚಿತ. ಬರೆದವರು ಯಾವ ಕಲ್ಲು, ಯಾವ ಕಡತ, ಯಾರ ಮಾತು ನೋಡಿ ಇದನ್ನು ಹೇಳುತ್ತಿದ್ದಾರೆ ಎಂದು ಪ್ರತಿ ಅಧ್ಯಾಯದಲ್ಲೂ ಹುಡುಕಲಿ. ಅದು ಸಿಗದ ಥೀಸಿಸ್ಸೂ ಇವೆ, ಎಲ್ಲ ವಿಭಾಗದಲ್ಲೂ ಇವೆ, ನನ್ನ ಕಪಾಟಿನಲ್ಲೂ ಇವೆ. ನೋಡಿದರೆ ಬೇಜಾರಾಗುತ್ತದೆ. ಅವಳದ್ದು ಹಾಗಾಗುವುದು ಬೇಡ.

ಶಾಸನದ ಕಡೆ ಒಲವಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಂದ ಶುರುಮಾಡಲಿ. ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಕೆಲಸ ಅದು. ಅದರಲ್ಲಿ ಶಾಸನಗಳನ್ನು ತಾಲೂಕುವಾರು ಜೋಡಿಸಿದ್ದಾರೆ. ಹಳೇ ಮೈಸೂರು ಸೀಮೆಯವರಾಗಿದ್ದರೆ ನಿಮ್ಮ ಊರಿನದ್ದೂ ಇರಬಹುದು. ಅವಳಿಗೆ ಯಾವ ಕಾಲದ, ಯಾವ ಸೀಮೆಯ ಇತಿಹಾಸ ಇಷ್ಟ ಎಂದು ಕೆಳಗೆ ಬರೆಯಿರಿ. ಯಾವ ಸಂಪುಟ ತೆಗೆಯಬೇಕು ಎಂದು ನೋಡಿ ಹೇಳುತ್ತೇನೆ.