ಮೊದಲು ಫುಟ್‌ಪಾತ್, ಆಮೇಲೆ ಶಾಲು

ಪತ್ರ: "ಹಿರಿಯ ನಾಗರಿಕರಿಗೆ ನಗರಸಭೆ ಅದು ಮಾಡಲಿ, ಇದು ಮಾಡಲಿ ಎಂದು ಬರೆಯುತ್ತಲೇ ಇರುತ್ತೀರಿ. ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಮಕ್ಕಳ ಕೆಲಸ ಅಲ್ವಾ?"
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಮಾತು ನಿಜ. ಮಕ್ಕಳು ನೋಡಿಕೊಳ್ಳಲೇಬೇಕು, ಅದಕ್ಕೆ 2007ರ ಕಾನೂನೂ ಇದೆ. ಆದರೆ ಎಷ್ಟೇ ಒಳ್ಳೆಯ ಮಗನಾದರೂ ಬೀದಿಯ ಚರಂಡಿಗೆ ಚಪ್ಪಡಿ ಹಾಕಿಸಲು ಆಗುತ್ತಾ? ಬೀದಿದೀಪ, ಪಾರ್ಕು, ಬಸ್ ಸ್ಟಾಪು, ಶೌಚಾಲಯ ಎಲ್ಲವೂ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ಪಟ್ಟಿಯಲ್ಲೇ ಇವೆ.

ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ದಿನಾ ನೋಡುತ್ತೇನೆ. ಮೂಲೆಯ ಫುಟ್‌ಪಾತ್ ಹೆಚ್ಚುಕಮ್ಮಿ ಮೊಣಕಾಲೆತ್ತರ. ಕರೆಂಟ್ ಕಂಬ ಹಿಡಿದು ಒಂದು ಕಾಲು ಕೆಳಗಿಡುತ್ತಾರೆ. ಸ್ವಲ್ಪ ನಿಂತು, ಇನ್ನೊಂದನ್ನು ಇಳಿಸುತ್ತಾರೆ. ಅಲ್ಲಿಂದ ಮುಂದೆ ಸಾಲು ಬೈಕು, ರಸ್ತೆಯಲ್ಲೇ ನಡೆಯಬೇಕು. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ದಾಟಬಾರದು, ನಡೆಯಲು 1.8 ಮೀಟರ್ ಜಾಗ ಬಿಡಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಹೇಳಿದೆ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮೊದಲು ಟೇಪು ಹಿಡಿದು ಅಳೆದವರನ್ನು ನೀವು ನೋಡಿದ್ದೀರಾ?

ಪೇಟೆಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಮುಟ್ಟದ ಹಿರಿಯರು ಎಷ್ಟೋ ಜನ ಇದ್ದಾರೆ. ದಾರಿಯಲ್ಲಿ ಶೌಚಾಲಯ ಇಲ್ಲ, ಇದ್ದರೂ ಬೀಗ. ಮಗನ ಪ್ರೀತಿ ಇದಕ್ಕೇನು ಮಾಡೀತು ಹೇಳಿ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಕೈಪಿಡಿ ತರುವ ಮುಂಚೆ 33 ನಗರಗಳಲ್ಲಿ ವಯಸ್ಸಾದವರನ್ನೇ ಕೂರಿಸಿಕೊಂಡು ಕೇಳಿತು. ನಮ್ಮ ದೆಹಲಿ, ಉದಯಪುರವೂ ಅದರಲ್ಲಿದ್ದವು. ಸಿಂಗಪುರದಲ್ಲಿ 2009ರಿಂದ ಹಿರಿಯರು ಸಿಗ್ನಲ್ ಕಂಬಕ್ಕೆ ಕಾರ್ಡು ತೋರಿಸಿದರೆ ದಾಟಲು ಇನ್ನಷ್ಟು ಸೆಕೆಂಡು ಹಸಿರು ಸಿಗುತ್ತದೆ. ಎಷ್ಟು ಸಣ್ಣ ಕೆಲಸ ನೋಡಿ! ನಮ್ಮಲ್ಲಿ? ಅಕ್ಟೋಬರ್ 1ರ ಹಿರಿಯರ ದಿನ ಬಂದರೆ ಹಿರಿಯರನ್ನು ಹುಡುಕಿ ತಂದು ಶಾಲು, ಹಾರ, ಫಲತಾಂಬೂಲ. ಆ ವೇದಿಕೆಯ ಮೆಟ್ಟಿಲಿಗೂ ಹಿಡಿದುಕೊಳ್ಳಲು ಕಂಬಿ ಇರೋದಿಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. 5% ರಿಯಾಯಿತಿ ಸಿಗುತ್ತೆ ಅಂತ ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟಲು ಸಾಲು ನಿಲ್ಲುವವರಲ್ಲಿ ತಲೆ ನರೆತವರೇ ಜಾಸ್ತಿ. ಅವರು ಕಟ್ಟಿದ ದುಡ್ಡಲ್ಲಿ ಸರ್ಕಲ್‌ಗೆ ಕಾರಂಜಿ ಬರುತ್ತದೆ, ಸ್ವಾಗತ ಕಮಾನು ಬರುತ್ತದೆ, ಬಸ್ ಸ್ಟಾಪಿಗೆ ಒಂದು ಬೆಂಚು ಬರೋದಿಲ್ಲ.

ನೀವು ಕೂತು ಪತ್ರ ಬರೆಯುವವರು, ಅಂಥವರು ಈಗ ಕಡಿಮೆ. ಮುಂದಿನ ಪತ್ರವನ್ನು ನಿಮ್ಮ ವಾರ್ಡಿನ ಸದಸ್ಯರಿಗೆ ಬರೆಯಿರಿ. ಯಾವ ಮೂಲೆ, ಎಷ್ಟು ಎತ್ತರ, ಎಲ್ಲಿ ಬೀಗ ಎಂದು ಬಿಡಿಸಿ ಬರೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂ.