ರೇಡಿಯೊ ಇಲ್ಲದ ಕಾಲದ ವಿಮಾನವನ್ನು ಈಗ ಯಾಕೆ ಹಾರಿಸಬೇಕು?

ನೀವು ಕೇಳಿರುವುದು ಇಷ್ಟು: ಕೆಲವೇ ಸಾವಿರಕ್ಕೆ ಕ್ಯಾಮೆರಾ ಇರುವ ಡ್ರೋನ್ ಸಿಗುವ ಕಾಲದಲ್ಲಿ 1930–50ರ ನಕ್ಷೆ ಹಿಡಿದು, ಕಡ್ಡಿ ಕಾಗದದ ಮಾದರಿ ವಿಮಾನ ಕಟ್ಟಿ ಹಾರಿಸುವವರಿಗೆ ಅದರಲ್ಲಿ ಏನು ಸಿಗುತ್ತದೆ? ಇದು ಹಳೆಯದರ ಮೇಲಿನ ಮೋಹವೇ? ಹಾರಿಹೋದರೆ ಮತ್ತೆ ಕೈಗೆ ಸಿಗುತ್ತದೆಯೇ?

ಮೋಹದ ಮಾತನ್ನು ಮೊದಲೇ ಬದಿಗಿಡುತ್ತೇನೆ. ಇಂಗ್ಲೆಂಡಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ ತಾನು ಹುಡುಗನಾಗಿದ್ದಾಗ ಕಟ್ಟಿದ್ದ ವಿಮಾನವನ್ನೇ ಮತ್ತೆ ಕಟ್ಟಿದರೆ ಅದಕ್ಕೆ ಆ ಕಾರಣ ಕೊಡಬಹುದು. ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ನಮ್ಮ ಓಣಿಯಲ್ಲಿ ಈ ಮಾದರಿಗಳಿಗೆ ಬಳಸುವ ಹಗುರ ಬಾಲ್ಸಾ ಮರ ಕಂಡವರೇ ಇರಲಿಲ್ಲ, ಮಾದರಿ ವಿಮಾನದ ಕಿಟ್ ತಂದುಕೊಡುವ ಅಪ್ಪಂದಿರೂ ಇರಲಿಲ್ಲ. ನೆನಪಿಸಿಕೊಳ್ಳಲು ಏನೂ ಇಲ್ಲದವನಿಗೂ ಈ ಹುಚ್ಚು ಹಿಡಿದಿದೆ ಎಂದ ಮೇಲೆ ಕಾರಣ ಆ ವಿಮಾನದಲ್ಲೇ ಇರಬೇಕು.

ಇದೆ. ಆ ಕಾಲದ ಮಾದರಿಗಳ ನಕ್ಷೆ ಬರೆದವರ ಕೈಯಲ್ಲಿ ದೂರದಿಂದಲೇ ವಿಮಾನ ನಡೆಸುವ ರೇಡಿಯೊ ಇರಲಿಲ್ಲ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು 1937ರಲ್ಲಿಯೇ ರೇಡಿಯೊದಿಂದ ಮಾದರಿ ವಿಮಾನ ನಡೆಸಿ ತೋರಿಸಿದರಾದರೂ ಸಾಮಾನ್ಯ ಹವ್ಯಾಸಿಗೆ ಅದು ಎಟುಕಿದ್ದು ಬಹಳ ವರ್ಷಗಳ ಮೇಲೆ. ಅಲ್ಲಿಯವರೆಗೆ ಕೈ ಬಿಟ್ಟ ಮರುಕ್ಷಣದಿಂದ ವಿಮಾನ ಸ್ವತಂತ್ರ. ಗಾಳಿ ಒಂದು ಪಕ್ಕಕ್ಕೆ ತಳ್ಳಿದರೆ ಅದೇ ಸರಿಹೋಗಬೇಕು, ಮೂಗು ಮೇಲೆದ್ದರೆ ಅದೇ ತಗ್ಗಿಸಿಕೊಳ್ಳಬೇಕು, ಶಕ್ತಿ ತೀರಿದ ಮೇಲೆ ಅದೇ ತೇಲುತ್ತ ಇಳಿಯಬೇಕು. ಡ್ರೋನ್ ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದು ಒಳಗಿರುವ ಗೈರೊ ಮತ್ತು ಪ್ರೊಸೆಸರ್ ಸೆಕೆಂಡಿಗೆ ನೂರಾರು ಸಲ ಮೋಟಾರುಗಳನ್ನು ತಿದ್ದುತ್ತಿರುವುದರಿಂದ. ಬ್ಯಾಟರಿ ಸತ್ತರೆ ಅದರ ಕಥೆ ಮುಗಿಯಿತು. ಹಳೆಯ ವಿಮಾನದಲ್ಲಿ ಆ ಕೆಲಸವನ್ನೆಲ್ಲ ಆಕಾರಕ್ಕೇ ವಹಿಸಿದ್ದಾರೆ.

ಎದುರಿನಿಂದ ನೋಡಿದರೆ ಹಳೆಯ ಮಾದರಿಯ ಎರಡು ರೆಕ್ಕೆಗಳೂ ತುದಿಗೆ ಹೋದಂತೆ ಮೇಲಕ್ಕೆ ಏರಿರುತ್ತವೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಒಂದು ರೆಕ್ಕೆ ವಾಲಿದರೆ ವಿಮಾನ ಆ ಪಕ್ಕಕ್ಕೆ ಜಾರತೊಡಗುತ್ತದೆ. ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ, ಅದೇ ಹೆಚ್ಚು ಎತ್ತಿಕೊಂಡು ಮತ್ತೆ ಸಮಕ್ಕೆ ಬರುತ್ತದೆ. ಹಿಂದಿನ ಬಾಲದ ಪಟ್ಟಿಯನ್ನು ರೆಕ್ಕೆಗಿಂತ ಒಂದೆರಡು ಡಿಗ್ರಿ ತಗ್ಗಿಸಿ ಕೂರಿಸಿದರೆ ಮೂಗು ಏರಿಳಿಯುವುದೂ ತಾನಾಗಿ ತಿದ್ದಿಕೊಳ್ಳುತ್ತದೆ. ಈ ಲೆಕ್ಕವನ್ನು ಬಹಳ ಹಿಂದೆಯೇ ಹಾರಿಸಿ ತೋರಿಸಿದವರು ಫ್ರಾನ್ಸಿನ ಆಲ್ಫೋನ್ಸ್ ಪೆನೊ. 1871ರಲ್ಲಿ ಪ್ಯಾರಿಸ್ಸಿನ ತ್ವೀಲರಿ ಉದ್ಯಾನದಲ್ಲಿ ಸುತ್ತಿದ ರಬ್ಬರ್ ಹುರಿ ಬಿಚ್ಚಿಕೊಳ್ಳುತ್ತ ಪಂಖ ತಿರುಗಿಸುವ ಅವರ ವಿಮಾನ 11 ಸೆಕೆಂಡು ಹಾರಿ ಸುಮಾರು 40 ಮೀಟರ್ ಸಾಗಿತು. ಅದರ ತೂಕ 16 ಗ್ರಾಂ. ರೈಟ್ ಸಹೋದರರಿಗೆ ಹುಡುಗರಾಗಿದ್ದಾಗ ಅಪ್ಪ ತಂದುಕೊಟ್ಟ ರಬ್ಬರ್ ಚಾಲಿತ ಹೆಲಿಕಾಪ್ಟರ್ ಆಟಿಕೆಯೂ ಪೆನೊ ವಿನ್ಯಾಸದ್ದೇ.

‘ವಿಂಟೇಜ್’, ಅಂದರೆ ಹಳೆಯ ಕಾಲದ ಮಾದರಿ, ಎಂದು ಯಾವುದನ್ನು ಕರೆಯಬೇಕೆಂಬುದಕ್ಕೆ ಪಂಥಗಳಿವೆ. ಬ್ರಿಟನ್ನಿನವರು 1950ರ ಕೊನೆಯವರೆಗಿನ ವಿನ್ಯಾಸಗಳನ್ನು ಒಪ್ಪುತ್ತಾರೆ, ಅಮೆರಿಕದವರು ತಮ್ಮ ‘ಓಲ್ಡ್ ಟೈಮರ್’ ವರ್ಗದ ಗೆರೆಯನ್ನು 1942ಕ್ಕೇ ಎಳೆಯುತ್ತಾರೆ. ಅದರ ವಾದವಿವಾದ ಅವರಿಗೇ ಇರಲಿ. ನಮಗೆ ಮುಖ್ಯವಾದದ್ದು ಆ ನಕ್ಷೆಗಳು ಇಂದಿಗೂ ಸಿಗುತ್ತವೆ ಎಂಬುದು. ಮಾದರಿ ವಿಮಾನದ ಕಿಟ್ ಮಾಡುತ್ತಿದ್ದ ಬ್ರಿಟನ್ನಿನ ಕೀಲ್‌ಕ್ರಾಫ್ಟ್ ಕಂಪನಿಗಾಗಿ ಆಲ್ಬರ್ಟ್ ಹ್ಯಾಟ್‌ಫುಲ್ 1946ರಲ್ಲಿ ರೂಪಿಸಿದ ಜೂನಿಯರ್ 60 ಅಂಥದ್ದೊಂದು. ರೆಕ್ಕೆಯ ಅಗಲ 60 ಇಂಚು, ಅಂದರೆ ಒಂದೂವರೆ ಮೀಟರ್. ಇನ್ನೊಂದು ಬ್ರಿಟನ್ನಿನ ವಿನ್ಯಾಸಕ ವಿಕ್ ಸ್ಮೀಡ್ 1950ರಲ್ಲಿ ಕೊಟ್ಟ ಟಾಮ್‌ಬಾಯ್. ಪುಟ್ಟದು, ಬಡಪಾಯಿಗೂ ಕಟ್ಟಲು ಬರುವಂಥದ್ದು, ಹಾರಿದರೆ ಸೈಕಲ್ ವೇಗದಲ್ಲಿ ತೇಲುವಂಥದ್ದು. ಎಪ್ಪತ್ತು ವರ್ಷ ದಾಟಿದ ಮೇಲೂ ಇದರ ಮೇಲೆ ಜನ ಸ್ಪರ್ಧೆ ನಡೆಸುತ್ತಾರೆಂದರೆ ವಿನ್ಯಾಸ ಎಷ್ಟು ಗಟ್ಟಿಯಾಗಿರಬೇಕು, ಯೋಚಿಸಿ.

ಇನ್ನು ನಿಮ್ಮ ‘ಏನು ಸಿಗುತ್ತದೆ’ ಎಂಬ ಪ್ರಶ್ನೆ. ನನ್ನ ಉತ್ತರ: ಗಾಳಿ ಕಣ್ಣಿಗೆ ಕಾಣಿಸುತ್ತದೆ. ರಿಮೋಟ್ ಹಿಡಿದು ಹಾರಿಸುವವನು ಗಾಳಿಯನ್ನು ಮೀರಲು ನೋಡುತ್ತಾನೆ. ಕೈ ಬಿಟ್ಟು ಹಾರಿಸುವವನು ಗಾಳಿ ಏನು ಮಾಡುತ್ತಿದೆ ಎಂದು ಮೊದಲೇ ತಿಳಿದುಕೊಂಡಿರಬೇಕು, ಇಲ್ಲದಿದ್ದರೆ ವಿಮಾನ ಅದನ್ನು ಎಲ್ಲರ ಎದುರು ತೋರಿಸಿಕೊಡುತ್ತದೆ. ಇದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಹತ್ತಿ, ಮೆಣಸಿನಕಾಯಿ ಬಿಡಿಸಿ ಮುಗಿದ ಮೇಲೆ ಸಿರುಗುಪ್ಪದ ಕಡೆಯ ಎರೆಹೊಲಗಳು ದಿಗಂತದವರೆಗೂ ಬಯಲಾಗಿ ಬಿದ್ದಿರುತ್ತವೆ. ಬೆಳಿಗ್ಗೆ ಏಳರ ಹೊತ್ತಿಗೆ ಎಲೆ ಅಲುಗುವುದಿಲ್ಲ. ಬಿಸಿಲೇರಿದಂತೆ ಕಪ್ಪು ನೆಲ ಕಾದು, ಅದರ ಮೇಲಿನ ಗಾಳಿ ಹಗುರವಾಗಿ ಗುಳ್ಳೆಗುಳ್ಳೆಯಾಗಿ ಏಳತೊಡಗುತ್ತದೆ. ಹವ್ಯಾಸಿಗಳು ಇದನ್ನು ಥರ್ಮಲ್ ಎನ್ನುತ್ತಾರೆ. ಅದು ಜೋರಾಗಿ ಸುತ್ತಿ ಧೂಳೆಬ್ಬಿಸಿದರೆ ನಮ್ಮವರು ದೆವ್ವಗಾಳಿ ಎನ್ನುತ್ತಾರೆ. ವಿಮಾನ ಇಳಿಯುವ ವೇಗಕ್ಕಿಂತ ಗಾಳಿ ಏರುವ ವೇಗ ಹೆಚ್ಚಾದರೆ ಎಂಜಿನ್ ನಿಂತ ಮೇಲೂ ವಿಮಾನ ಮೇಲಕ್ಕೇ ಹೋಗುತ್ತದೆ. ಕಾಲುವೆ ನೀರು ನಿಂತ ಭತ್ತದ ಗದ್ದೆಯ ಮೇಲೆ ಇದು ಸಿಗುವುದಿಲ್ಲ, ನೀರು ಬೇಗ ಕಾಯುವುದಿಲ್ಲವಲ್ಲ. ಗದ್ದೆ ಮುಗಿದು ಒಣ ಹೊಲ ಶುರುವಾಗುವ ಅಂಚು ನೋಡಿ ಬಿಡಬೇಕು.

ಒಮ್ಮೆ ಬದುವಿನ ಮೇಲೆ ಕುಳಿತು ನೋಡುತ್ತಿದ್ದ ಹಿರಿಯರೊಬ್ಬರು ಕೇಳಿದರು: “ತಮ್ಮಾ, ಇದು ಔಷಧ ಹೊಡೆಯುತ್ತದೆಯೇ?” ಮೆಣಸಿನ ಹೊಲಕ್ಕೆ ಡ್ರೋನ್ ಬಂದು ಔಷಧ ಸಿಂಪಡಿಸುವುದನ್ನು ಅವರು ಕಂಡಿದ್ದರು. “ಇಲ್ಲ ತಾತ.” “ಫೋಟೊ ತೆಗೆಯುತ್ತದೆಯೇ?” “ಇಲ್ಲ ತಾತ, ಬರೀ ಹಾರುತ್ತದೆ.” ಅವರು ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, “ಹಾರುವುದೇ ಆದರೆ ಇಲ್ಲಿ ಯಾಕೆ ಬಿಡುತ್ತೀ? ಅಲ್ಲಿ ನೋಡು, ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದೆ” ಎಂದರು. ಥರ್ಮಲ್ ಹುಡುಕಲು ಇಂದಿಗೂ ಅದಕ್ಕಿಂತ ನಂಬಿಕಸ್ಥ ಉಪಕರಣ ನನಗೆ ಸಿಕ್ಕಿಲ್ಲ.

ಬಿಡುವ ಮುಂಚಿನ ಕೆಲಸದಲ್ಲೇ ಹೆಚ್ಚಿನ ರುಚಿ ಇರುವುದು. ಮೊದಲು ಶಕ್ತಿಯಿಲ್ಲದೆ, ಉತ್ತ ಮೆತ್ತನೆಯ ಮಣ್ಣಿನ ಮೇಲೆ ಕೈಯಿಂದ ಮೆಲ್ಲಗೆ ತಳ್ಳಿ ನೋಡಬೇಕು. ಮೂಗು ಎತ್ತಿ, ತಡವರಿಸಿ, ಮತ್ತೆ ಮುಗ್ಗರಿಸಿದರೆ ಬಾಲದ ಪಟ್ಟಿಯ ಮುಂದಿನ ಅಂಚಿನ ಕೆಳಗೆ ಅರ್ಧ ಮಿಲಿಮೀಟರಿನ ಚಕ್ಕೆ ಸೇರಿಸಬೇಕು, ಇಲ್ಲವೇ ಮೂಗಿಗೆ ಚೂರು ಜೇಡಿಮಣ್ಣು ಮೆತ್ತಬೇಕು. ಆಮೇಲೆ ರಬ್ಬರಿಗೆ ಸ್ವಲ್ಪ ಸುತ್ತು ಕೊಟ್ಟು ಬಿಟ್ಟರೆ ಹೊಸ ತಕರಾರು. ಪಂಖ ತಿರುಗುವ ಬಿರುಸಿಗೆ ದೇಹ ಎದುರು ದಿಕ್ಕಿಗೆ ಹೊರಳಿ, ವಿಮಾನ ಎಡಕ್ಕೆ ಎಳೆಯುತ್ತದೆ. ಪಂಖದ ಅಕ್ಷವನ್ನು ಕೂದಲೆಳೆಯಷ್ಟು ಬಲಕ್ಕೂ ಕೆಳಕ್ಕೂ ತಿರುಗಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಹೊಲಿಗೆ ಯಂತ್ರದ ಸೂಜಿ, ಹುಕ್ಕಿನ ಟೈಮಿಂಗ್ ಕೂರಿಸಿ ಅಭ್ಯಾಸವಾದ ನನ್ನ ಕೈಗೆ ಈ ಕೆಲಸ ತಕ್ಕಂತಿದೆ.

ರಬ್ಬರಿಗೆ ಪೂರ್ತಿ ಸುತ್ತು ಕೊಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪಟ್ಟಿಗಳ ಲಡಿಗೆ ಹರಳೆಣ್ಣೆ ಸವರಿ, ಒಬ್ಬರು ವಿಮಾನವನ್ನು ಭದ್ರವಾಗಿ ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬರು ಕೈ ಡ್ರಿಲ್ಲಿಗೆ ಕೊಕ್ಕೆ ಸಿಕ್ಕಿಸಿ, ಲಡಿಯನ್ನು ಅದರ ಉದ್ದದ ನಾಲ್ಕು ಪಟ್ಟು ಎಳೆದುಕೊಂಡು ದೂರ ನಿಲ್ಲುತ್ತಾರೆ. ಅರ್ಧ ಸುತ್ತು ಅಲ್ಲಿಯೇ ನಿಂತು, ಉಳಿದರ್ಧ ಹೆಜ್ಜೆಹೆಜ್ಜೆಯಾಗಿ ಹತ್ತಿರ ಬರುತ್ತ. ರಬ್ಬರಿನ ಮೇಲೆ ಮೊದಲು ಒಂದು ಸಾಲು ಗಂಟು, ಆಮೇಲೆ ಗಂಟಿನ ಮೇಲೆ ಗಂಟು. ಡ್ರಿಲ್ಲಿನ ಹಿಡಿ ಬಿಗಿಯಾಗುತ್ತ ಹೋದಂತೆ ಮಾತು ತಾನಾಗಿ ನಿಲ್ಲುತ್ತದೆ, ಏಕೆಂದರೆ ಲಡಿ ಒಳಗೇ ಕಡಿದರೆ ವಾರಗಟ್ಟಲೆ ಕಟ್ಟಿದ ದೇಹ ಚಿಂದಿ. ಬುದ್ಧಿವಂತರು ಸುತ್ತುವಾಗ ಒಳಗೆ ಒಂದು ಕೊಳವೆ ತೂರಿಸಿಕೊಂಡಿರುತ್ತಾರೆ. ಬಿಟ್ಟಾಗ ಮೊದಲ ಕೆಲವು ಸೆಕೆಂಡು ಉಗ್ರ ಏರಿಕೆ, ಆಮೇಲೆ ಸಮಾಧಾನದ ಹಾರಾಟ, ಸುತ್ತು ತೀರಿದ ಮೇಲೆ ಪಂಖ ಸುಮ್ಮನೆ ಗಾಳಿಗೆ ತಿರುಗುತ್ತ ತೇಲಾಟ.

ಕಟ್ಟುವುದರ ಬಗ್ಗೆ ಎರಡು ಮಾತು, ಏಕೆಂದರೆ ವಿದೇಶಿ ಪುಸ್ತಕಗಳ ಸಲಹೆ ನಮ್ಮ ಬಿಸಿಲಿಗೆ ಪೂರ್ತಿ ಹೊಂದುವುದಿಲ್ಲ. ಈಕ್ವೆಡಾರ್ ಕಡೆಯಿಂದ ಬರುವ ಬಾಲ್ಸಾ ಮರವನ್ನು ಬೆಂಗಳೂರಿನಿಂದ ಪಾರ್ಸೆಲ್ ತರಿಸಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಹೊದಿಕೆಗೆ ತೆಳ್ಳನೆಯ ಗಾಳಿಪಟದ ಕಾಗದ ಸಾಕು. ಕಾಗದ ಅಂಟಿಸಿ ನೀರು ಚಿಮುಕಿಸಿದರೆ ಒಣಗುವಾಗ ಬಿಗಿಯಾಗುತ್ತದೆ ಎಂದು ಪುಸ್ತಕದಲ್ಲಿರುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಅದು ನಿಮಿಷಗಳಲ್ಲಿ ಒಣಗಿ, ರೆಕ್ಕೆಯನ್ನೇ ತಿರುಚಿಬಿಡುತ್ತದೆ. ಹಾಗಾಗಿ ರೆಕ್ಕೆಯನ್ನು ಹಲಗೆಗೆ ಗುಂಡುಸೂಜಿಯಿಂದ ಕಟ್ಟಿಹಾಕಿ, ಹೊತ್ತು ಮುಳುಗಿದ ಮೇಲೆ ನೀರು ಚಿಮುಕಿಸಬೇಕು. ಕಾಗದದ ಮೇಲೆ ಹಚ್ಚುವ ಡೋಪ್ ಎಂಬ ಲೇಪನ ಸಿಗದಿದ್ದರೆ ಬಣ್ಣದ ಅಂಗಡಿಯಲ್ಲಿ ಬಡಗಿಗಳು ಕೊಳ್ಳುವ ಎನ್‌ಸಿ ಲ್ಯಾಕರನ್ನು ತೆಳ್ಳಗೆ ಮಾಡಿ ಹಚ್ಚಿ, ಕಿಟಕಿ ತೆರೆದಿಟ್ಟು.

ಎಂಜಿನ್ ವಿಷಯದಲ್ಲಿ ನಾನು ಮಡಿವಂತನಲ್ಲ. ಆ ಕಾಲದ ಪುಟ್ಟ ಡೀಸೆಲ್ ಎಂಜಿನ್‌ಗಳು ಈಥರ್, ಹರಳೆಣ್ಣೆ, ಸೀಮೆಎಣ್ಣೆಗಳನ್ನು ಹೆಚ್ಚುಕಡಿಮೆ ಸಮಭಾಗ ಬೆರೆಸಿದ ಇಂಧನದಲ್ಲಿ ಓಡುತ್ತವೆ. ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಒತ್ತಡದ ಬಿಸಿಗೇ ಉರಿಯುತ್ತದೆ. ಬ್ರಿಟನ್ನಿನ ಮಿಲ್ಸ್ ಎಂಜಿನ್ನಿನ ಪ್ರತಿಗಳು ನಮ್ಮ ದೇಶದಲ್ಲೂ ತಯಾರಾಗಿದ್ದವು. ಆದರೆ ಈಥರ್ ಈಗ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಮನೆಯಲ್ಲಿ ಇಡುವಂಥದ್ದಲ್ಲ. ನನ್ನ ಟಾಮ್‌ಬಾಯ್‌ಗೆ ಸಣ್ಣ ವಿದ್ಯುತ್ ಮೋಟಾರು ಹಾಕಿ, ಬಾಲದ ಚುಕ್ಕಾಣಿಗೆ ಮಾತ್ರ ರೇಡಿಯೊ ಜೋಡಿಸಿದ್ದೇನೆ. ಸ್ಪರ್ಧೆಗಳಲ್ಲೂ ಎಂಜಿನ್ ಓಡುವ ಹೊತ್ತಿಗೆ ಮಿತಿ ಹಾಕಿ, ಆಮೇಲೆ ಎಷ್ಟು ಹೊತ್ತು ತೇಲುತ್ತದೆ ಎಂಬುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾನೂ ಮೋಟಾರು ಬೇಗ ನಿಲ್ಲಿಸಿ ರಿಮೋಟಿನ ಕಡ್ಡಿಯಿಂದ ಬೆರಳು ತೆಗೆದುಬಿಡುತ್ತೇನೆ. ಚುಕ್ಕಾಣಿ ಇರುವುದು ಅದನ್ನು ಊರಿನ ಕಡೆಗೆ ಹೋಗದಂತೆ ತಡೆಯಲು ಮಾತ್ರ. ಹೊಸದಾಗಿ ಹತ್ತುವವರಿಗೆ ಇದೇ ಮೆಟ್ಟಿಲು ಎಂದು ಹೇಳುತ್ತೇನೆ.

ರೇಡಿಯೊ ಇಟ್ಟರೆ ಕಾನೂನೂ ಜೊತೆಗೆ ಬರುತ್ತದೆ. 2021ರ ಡ್ರೋನ್ ನಿಯಮಗಳಲ್ಲಿ ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ 25 ಕೆ.ಜಿ. ಒಳಗಿನ ಮಾದರಿ ವಿಮಾನಗಳಿಗೆ ಪ್ರತ್ಯೇಕ ಹೆಸರೇ ಇದೆ. ಹೊರಡುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ, ಹಾರಿಸಲು ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ. ಹಸಿರಿದ್ದರೂ 400 ಅಡಿಯೇ ಮಿತಿ. ವಿಮಾನ ನಿಲ್ದಾಣದಿಂದ 12 ಕಿ.ಮೀ. ವರೆಗೆ ನಿರ್ಬಂಧ ಇನ್ನೂ ಬಿಗಿ, ಆದ್ದರಿಂದ ತೋರಣಗಲ್ಲಿನ ಸುತ್ತಮುತ್ತ ಈ ಆಟ ಬೇಡ. ತುಂಗಭದ್ರಾ ಅಣೆಕಟ್ಟಿನ ಬಳಿ ಹಾರಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಗೆಳೆಯರು ಹುರಿದುಂಬಿಸುತ್ತಾರೆ. ಅವರ ಮಾತು ಕೇಳಬೇಡಿ. ಆಷಾಢದ ಗಾಳಿಯಲ್ಲಂತೂ ಪೆಟ್ಟಿಗೆ ಅಟ್ಟದ ಮೇಲಿರಲಿ.

ಕೊನೆಯದಾಗಿ, ಹಾರಿಹೋದರೆ? ರೇಡಿಯೊ ಇಲ್ಲದ್ದು ಒಳ್ಳೆಯ ಥರ್ಮಲ್‌ಗೆ ಸಿಕ್ಕರೆ ನಿಜವಾಗಿಯೂ ಹೋಗುತ್ತದೆ. ಅದಕ್ಕೆ ಹಳಬರು ಒಂದು ಉಪಾಯ ಕಂಡುಕೊಂಡಿದ್ದರು. ನಿಧಾನವಾಗಿ ಕನಲುವ ಬತ್ತಿಯೊಂದು ರಬ್ಬರ್ ಬ್ಯಾಂಡನ್ನು ಸುಟ್ಟಾಗ ಬಾಲದ ಪಟ್ಟಿ ಥಟ್ಟನೆ ಮೇಲೆದ್ದು, ವಿಮಾನ ತೇಲುವುದನ್ನು ಬಿಟ್ಟು ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ನಮ್ಮ ಒಣ ಕಡ್ಡಿಯ ಹೊಲಗಳಲ್ಲಿ, ಬಣವೆಗಳ ನಡುವೆ, ಉರಿಯುವ ಬತ್ತಿ ಹಾರಿಸುವುದು ಹೊಡೆತ ತಿನ್ನುವ ಕೆಲಸ. ಅದರ ಬದಲು ಪುಟ್ಟ ಟೈಮರ್ ಸಿಗುತ್ತದೆ, ಅದನ್ನೇ ಹಾಕಿ. ಹಾಗಿದ್ದೂ ಒಂದೊಂದು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ರೆಕ್ಕೆಯ ಮೇಲೆ ನಿಮ್ಮ ಮೊಬೈಲ್ ಸಂಖ್ಯೆ ಬರೆದು, ಕೆಳಗೆ ‘ಇದು ಆಟದ ವಿಮಾನ, ಕ್ಯಾಮೆರಾ ಇಲ್ಲ, ಹೆದರಬೇಡಿ, ಫೋನ್ ಮಾಡಿ’ ಎಂದು ದಪ್ಪಕ್ಷರದಲ್ಲಿ ಸೇರಿಸಿ. ಗಾಳಿ ಪಶ್ಚಿಮದಿಂದ ಬೀಸುವ ತಿಂಗಳಾದರೆ ತೆಲುಗಿನಲ್ಲೂ ಒಂದು ಸಾಲು ಬರೆದಿಡಿ, ಗಡಿಯಾಚೆ ಆಂಧ್ರದ ಆದೋನಿ ಕಡೆಯ ರೈತರಿಗೂ ಓದಲು ಬರಬೇಕಲ್ಲ.